ಸಂಶೋಧನಾ ಪ್ರಾಣಿಗೃಹದ ತಪಾಸಣೆ: ವಿಜ್ಞಾನ ಓದದ ಸದಸ್ಯೆ ಏನನ್ನು ನೋಡಬೇಕು?

ಪ್ರಶ್ನೆ: ಬದಿಯಡ್ಕದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ಗಡಿಯಾಚೆ, ಮಂಗಳೂರಿನ ಬದಿಯಲ್ಲಿರುವ ಒಂದು ಫಾರ್ಮಸಿ ಕಾಲೇಜಿನ ಪ್ರಾಣಿ ನೈತಿಕ ಸಮಿತಿಗೆ, ವಿಜ್ಞಾನಿಯಲ್ಲದ ‘ಸಾಮಾಜಿಕ ಪ್ರಜ್ಞೆಯುಳ್ಳ ಸದಸ್ಯೆ’ಯಾಗಿ, ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಮಿತಿಯವರು ನನ್ನನ್ನು ನಾಮನಿರ್ದೇಶನ ಮಾಡಿದ್ದಾರೆ. ಅಲ್ಲಿ ಮೊಲ, ಗಿನಿಪಿಗ್ ಮತ್ತು ಎರಡು ಬಗೆಯ ಬಿಳಿ ಇಲಿಗಳಿವೆ. ದೊಡ್ಡದನ್ನು ರ‍್ಯಾಟ್, ಚಿಕ್ಕದನ್ನು ಮೈಸ್ ಎಂದು ಅಲ್ಲಿಯವರು ಕರೆಯುತ್ತಾರೆ.

ಮೊದಲ ಸಭೆಯ ದಿನ ನಮ್ಮನ್ನು ಸಭಾಂಗಣದಲ್ಲಿ ಕೂರಿಸಿ ಕಡತಗಳನ್ನು ಮುಂದಿಟ್ಟರು. ಊಟದ ಹೊತ್ತು ಹತ್ತಿರವಾದಾಗ ಕಾಲಿಗೆ ಚೀಲ ತೊಡಿಸಿ, ಕೋಣೆಗಳ ನಡುವೆ ಬೇಗಬೇಗ ನಡೆಸಿಕೊಂಡು ಹೋದರು. ನೆಲ ಹೊಳೆಯುತ್ತಿತ್ತು, ಪಂಜರಗಳು ಸಾಲಾಗಿದ್ದವು, ಎಲ್ಲರೂ ಸೌಜನ್ಯದಿಂದಲೇ ಮಾತನಾಡಿದರು. ಆದರೆ ಆ ಪ್ರಾಣಿಗಳು ಹೇಗಿವೆ ಎಂದು ಮನೆಗೆ ಬಂದ ಮೇಲೆ ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಸಲದ ಸಭೆಯ ಜೊತೆಗೆ ಪ್ರಾಣಿಗೃಹದ ವಾರ್ಷಿಕ ತಪಾಸಣೆಯೂ ಇದೆ, ವರದಿಗೆ ನಾನೂ ಸಹಿ ಹಾಕಬೇಕು.

ಪ್ರಾಣಿಗಳ ಮೇಲೆ ಪ್ರಯೋಗವೇ ಕೂಡದು ಎನ್ನುವವಳು ನಾನಲ್ಲ. ಎಣ್ಮಕಜೆಯ ಎಂಡೋಸಲ್ಫಾನ್ ಪೀಡಿತ ಕುಟುಂಬಗಳ ಮಕ್ಕಳಿಗೆ ಪಾಠ ಹೇಳಿದವಳಿಗೆ, ಒಂದು ರಾಸಾಯನಿಕವನ್ನು ಜನರ ನಡುವೆ ಬಿಡುವ ಮೊದಲು ಅದರ ವಿಷಗುಣವನ್ನು ಪರೀಕ್ಷಿಸಲೇಬೇಕು ಎನ್ನುವುದು ಚೆನ್ನಾಗಿ ಗೊತ್ತು. ಹಾಗೆ ನಮಗಾಗಿ ನೋವುಣ್ಣುವ ಪ್ರಾಣಿಯ ಪರವಾಗಿ ಒಬ್ಬರಾದರೂ ಸರಿಯಾಗಿ ನೋಡಬೇಕು ಎನ್ನುವುದಷ್ಟೇ ನನ್ನ ಆಸೆ. ಎಲ್ಲಿಂದ ಆರಂಭಿಸಲಿ? ಏನನ್ನು ಕೇಳಲು ನನಗೆ ಅಧಿಕಾರವಿದೆ?

ಉತ್ತರ: ಹೊಸೂರಿನ ಪಶುವೈದ್ಯ

ಮೇಡಂ, ನಾನು ಇಂಥ ಸಮಿತಿಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದವನು. ನನ್ನ ಮೊದಲ ಸಲಹೆ, ದಿನದ ಕ್ರಮವನ್ನೇ ತಿರುಗಿಸಿ ಎಂದು. ಬೆಳಿಗ್ಗೆ ಹೋದ ಕೂಡಲೇ ಪ್ರಾಣಿಗಳನ್ನು ನೋಡಬೇಕು, ಕಡತಗಳು ಆಮೇಲೆ ಬರಲಿ ಎಂದು ಅಧ್ಯಕ್ಷರಿಗೆ ಮುಂಚಿತವಾಗಿಯೇ ಬರೆದು ತಿಳಿಸಿ. ಕಡತ ಓದಿ ದಣಿದ ಕಣ್ಣಿಗೆ ಪಂಜರದೊಳಗಿನ ಪ್ರಾಣಿ ಸರಿಯಾಗಿ ಕಾಣುವುದಿಲ್ಲ.

ಕೋಣೆಯ ಬಾಗಿಲು ತೆರೆದಾಗ ಮೊದಲು ಮೂಗು ಕೆಲಸ ಮಾಡಲಿ. ಮೂತ್ರದ ಅಮೋನಿಯಾ ಘಾಟು ನಿಮ್ಮ ಕಣ್ಣಿಗೆ ಚುರುಗುಟ್ಟಿಸುವಷ್ಟಿದ್ದರೆ, ಪಂಜರದ ತಳದಲ್ಲಿ ಮೂಗಿಟ್ಟು ಮಲಗುವ ಇಲಿಗೆ ಅದು ಇನ್ನೂ ಹೆಚ್ಚಿರುತ್ತದೆ. ಹಾಸಿಗೆಯ ಭತ್ತದ ಹೊಟ್ಟನ್ನು ಸಾಕಷ್ಟು ಸಲ ಬದಲಿಸುತ್ತಿಲ್ಲ, ಇಲ್ಲವೇ ಗಾಳಿಯ ಓಡಾಟ ಸಾಲದು ಎಂದು ಇದರಿಂದ ತಿಳಿಯಬೇಕು. ಗಂಟೆಗೆ 12ರಿಂದ 15 ಸಲ ಕೋಣೆಯ ಗಾಳಿ ಬದಲಾಗಬೇಕೆಂದು ಕೇಂದ್ರ ಸಮಿತಿಯ ಮಾರ್ಗಸೂಚಿ ಹೇಳುತ್ತದೆ.

ಬಳಿಕ ಪಂಜರವನ್ನು ಮುಟ್ಟದೆ ಸ್ವಲ್ಪ ಹೊತ್ತು ದೂರದಲ್ಲಿ ನಿಂತುಕೊಳ್ಳಿ. ಇಲಿಗಳು ರಾತ್ರಿ ಓಡಾಡುವ ಪ್ರಾಣಿಗಳಾದ್ದರಿಂದ ಹಗಲಲ್ಲಿ ಒಂದರ ಮೇಲೊಂದು ಗುಂಪಾಗಿ ಮಲಗಿದ್ದರೆ ಆತಂಕವಿಲ್ಲ. ಗುಂಪು ಬಿಟ್ಟು ಮೂಲೆಯಲ್ಲಿ ಬೆನ್ನು ಗೂನು ಮಾಡಿ, ರೋಮ ನಿಮಿರಿಸಿ, ಕಣ್ಣು ಅರೆಮುಚ್ಚಿ ಕುಳಿತದ್ದು ಕಂಡರೆ ಅದನ್ನು ಗುರುತು ಹಾಕಿಕೊಳ್ಳಿ. ರ‍್ಯಾಟ್‌ಗಳ ಕಣ್ಣು, ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಅದು ಬಹುಮಟ್ಟಿಗೆ ರಕ್ತವಾಗಿರುವುದಿಲ್ಲ. ಕಣ್ಣಿನ ಹಿಂದಿನ ಗ್ರಂಥಿಯೊಂದರ ಸ್ರಾವ ಅದು, ಒತ್ತಡ ಅಥವಾ ಕಾಯಿಲೆಯಲ್ಲಿ ಹೆಚ್ಚಾಗುತ್ತದೆ. ಮೈಸ್‌ಗಳ ಮುಖದಲ್ಲಿ ನೋವನ್ನು ಓದುವ ಮಾಪನವೇ 2010ರಲ್ಲಿ ಪ್ರಕಟವಾಗಿದೆ: ಕಣ್ಣು ಕಿರಿದಾಗುವುದು, ಮೂಗು ಮತ್ತು ಕೆನ್ನೆ ಉಬ್ಬುವುದು, ಕಿವಿ ಹಿಂದಕ್ಕೆ ಸರಿಯುವುದು, ಮೀಸೆಯ ನಿಲುವು ಬದಲಾಗುವುದು. ಇದನ್ನು ಗುರುತಿಸಲು ವಿಜ್ಞಾನದ ಪದವಿ ಬೇಡ. ತರಗತಿಯ ಹಿಂದಿನ ಬೆಂಚಿನಲ್ಲಿ ಜ್ವರ ಬಂದು ಕುಳಿತ ಮಗುವನ್ನು ಗುರುತಿಸುತ್ತಿದ್ದ ನಿಮ್ಮ ಕಣ್ಣು ಸಾಕು.

ಮೊಲವನ್ನು ಎತ್ತಿಸಿ ಅದರ ಹಿಂಗಾಲಿನ ಅಡಿಯನ್ನು ನೋಡಿ. ತಂತಿಯ ತಳದ ಮೇಲೆ ಬಹುಕಾಲ ಕುಳಿತವುಗಳಿಗೆ ಅಲ್ಲಿ ಹುಣ್ಣಾಗುತ್ತದೆ. ಗಿನಿಪಿಗ್‌ಗಳಿಗೆ ನಮ್ಮಂತೆಯೇ ಸಿ ಜೀವಸತ್ವವನ್ನು ದೇಹದೊಳಗೆ ತಯಾರಿಸಿಕೊಳ್ಳುವ ಶಕ್ತಿಯಿಲ್ಲ, ಆಹಾರದ ಗುಳಿಗೆಯಲ್ಲಿರುವ ಆ ಸತ್ವ ದಾಸ್ತಾನಿನಲ್ಲೇ ಕ್ಷೀಣಿಸುತ್ತದೆ. ಆದ್ದರಿಂದ ಚೀಲದ ಮೇಲಿನ ತಯಾರಿಕಾ ದಿನಾಂಕವನ್ನು ನೀವೇ ಓದಿ, ಹಸಿರು ಮೇವು ಕೊಡುತ್ತಾರೆಯೇ ಎಂದು ವಿಚಾರಿಸಿ.

ಇನ್ನು ಅಳತೆಗಳು. ಉಷ್ಣತೆ 18ರಿಂದ 29 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 30ರಿಂದ 70, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಬೆಳಕು ಸುಮಾರು 325 ಲಕ್ಸ್. ಬಿಳಿ ಇಲಿಗಳ ಕಣ್ಣಿನಲ್ಲಿ ಬೆಳಕನ್ನು ತಡೆಯುವ ವರ್ಣದ್ರವ್ಯವಿಲ್ಲದ ಕಾರಣ ಹೆಚ್ಚು ಬೆಳಕು ಅಕ್ಷಿಪಟಲವನ್ನು ಕೆಡಿಸುತ್ತದೆ, ಅದಕ್ಕೇ ದೀಪದ ಹತ್ತಿರದ ಮೇಲಿನ ಸಾಲನ್ನು ಬೇರೆಯಾಗಿ ಗಮನಿಸಬೇಕು. 25 ಗ್ರಾಂ ಮೀರಿದ ಒಂದೊಂದು ಮೈಸ್‌ಗೂ 96.7 ಚದರ ಸೆಂಟಿಮೀಟರ್ ನೆಲ, 12 ಸೆಂಟಿಮೀಟರ್ ಎತ್ತರ ಸಿಗಬೇಕು. ಟೈಲರುಗಳು ಬಳಸುವ ಟೇಪೊಂದು ಕೈಚೀಲದಲ್ಲಿರಲಿ.

ದಾಖಲೆಗಳ ವಿಚಾರದಲ್ಲಿ ನಾನು ನೆಚ್ಚಿಕೊಂಡಿರುವ ವಿಧಾನ ಒಂದೇ. ಅವರು ತೋರಿಸುವ ಪಂಜರ ಬೇಡ, ನೀವೇ ಒಂದನ್ನು ಆರಿಸಿ. ಅದರ ಮೇಲಿನ ಚೀಟಿಯಲ್ಲಿರುವ ಪ್ರಯೋಗದ ಸಂಖ್ಯೆ, ಸಂಶೋಧಕರ ಹೆಸರು, ಪ್ರಾಣಿಗಳ ಎಣಿಕೆ ಬರೆದುಕೊಂಡು ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಿ. ನೋಂದಾಯಿತ ತಳಿಸಾಕಣೆ ಕೇಂದ್ರದಿಂದಲೇ ಬಂದವೇ, ಬಂದ ಮೇಲೆ ಕ್ವಾರಂಟೈನ್‌ನಲ್ಲಿದ್ದವೇ (ಸಣ್ಣ ಪ್ರಾಣಿಗಳಿಗೆ ಒಂದು ವಾರದಿಂದ ಒಂದು ತಿಂಗಳು), ಫಾರಂ ಬಿಯಲ್ಲಿ ಸಮಿತಿ ಒಪ್ಪಿದ ಸಂಖ್ಯೆ ಎಷ್ಟು, ಫಾರಂ ಡಿಯಲ್ಲಿ ಬಳಸಿದ್ದೆಂದು ಬರೆದದ್ದೆಷ್ಟು, ಸತ್ತವು ಎಷ್ಟು, ಆ ದೇಹಗಳು ಹಳದಿ ಚೀಲದಲ್ಲಿ ತ್ಯಾಜ್ಯ ಸಂಸ್ಕರಣೆಗೆ ಹೋದ ರಸೀದಿ ಎಲ್ಲಿ ಎಂದು ಕೇಳುತ್ತ ಸಾಗಿ. ರಕ್ತ ತೆಗೆಯುವ ಪ್ರಯೋಗವಾಗಿದ್ದರೆ ಪ್ರಮಾಣವನ್ನೂ ನೋಡಿ: 250 ಗ್ರಾಂ ತೂಕದ ರ‍್ಯಾಟ್‌ನಲ್ಲಿ ಇರುವ ಒಟ್ಟು ರಕ್ತವೇ ಸುಮಾರು 16 ಮಿಲಿಲೀಟರ್, ಒಮ್ಮೆಗೆ ಅದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಒಂದು ಪಂಜರದ ಕಥೆ ಮೊದಲಿನಿಂದ ಕೊನೆಯವರೆಗೆ ತುಂಡಾಗದೆ ಸಿಕ್ಕಿದರೆ ಆ ಸಂಸ್ಥೆಯ ಬಗ್ಗೆ ನನಗೆ ವಿಶ್ವಾಸ ಮೂಡುತ್ತದೆ. ಒಂದು ಕಡೆ ನಾನು ಕಂಡ ಉಷ್ಣತೆಯ ದಾಖಲೆ ಪುಸ್ತಕದಲ್ಲಿ ತಿಂಗಳುಗಟ್ಟಲೆ ಪ್ರತಿ ದಿನವೂ 22 ಡಿಗ್ರಿ ಎಂದೇ ಬರೆದಿತ್ತು. ವಿದ್ಯುತ್ ದಿನವಿಡೀ ಹೋಗಿದ್ದ ತಾರೀಖಿನಂದೂ ಅದೇ 22. ಅಂಥ ಪುಸ್ತಕ ಇದ್ದೂ ಪ್ರಯೋಜನವಿಲ್ಲ.

ಉತ್ತರ: ಆದೋನಿಯ ವಕೀಲ

ಅಧಿಕಾರದ ಬಗ್ಗೆ ಕೇಳಿದ್ದೀರಿ. ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ 14ರಿಂದ 20ನೇ ಕಲಮುಗಳು ಪ್ರಯೋಗಗಳಿಗೆ ಸಂಬಂಧಿಸಿದವು. ಪ್ರಯೋಗ ಕಾನೂನುಬಾಹಿರವಲ್ಲ ಎಂದು 14ನೇ ಕಲಮು ಹೇಳಿದರೆ, ಅರಿವಳಿಕೆ ಕೊಟ್ಟು, ದಯೆಯಿಂದ, ದೊಡ್ಡ ಪ್ರಾಣಿಯ ಬದಲು ಸಣ್ಣ ಪ್ರಾಣಿಯಲ್ಲಿ ಸಾಧ್ಯವಾದರೆ ಹಾಗೆ, ಬರೀ ಕೈಪಳಗಿಸುವುದಕ್ಕಾಗಿ ಅಲ್ಲದೆ ನಡೆಸಬೇಕು ಎನ್ನುವ ಧೋರಣೆ 17ರಲ್ಲಿದೆ. ಕೇಂದ್ರ ಸಮಿತಿಯು ಲಿಖಿತವಾಗಿ ಅಧಿಕಾರ ಕೊಟ್ಟ ವ್ಯಕ್ತಿ ಯುಕ್ತವೆನಿಸಿದ ಯಾವುದೇ ಹೊತ್ತಿನಲ್ಲಿ ಒಳಹೊಕ್ಕು ಪರಿಶೀಲಿಸಬಹುದು, ದಾಖಲೆ ಹಾಜರುಪಡಿಸಲು ಹೇಳಬಹುದು ಎನ್ನುವುದು 18ನೇ ಕಲಮು.

ಸಾಂಸ್ಥಿಕ ಸಮಿತಿಯ ಸದಸ್ಯತ್ವದಿಂದಲೇ ಈ 18ನೇ ಕಲಮಿನ ಅಧಿಕಾರ ನಿಮಗೆ ಬಂದುಬಿಡುವುದಿಲ್ಲ ಎನ್ನುವುದನ್ನು ಮರೆಯದಿರಿ. ನಿಮ್ಮ ಬಲವಿರುವುದು 1998ರ ನಿಯಮಗಳಡಿ ರಚನೆಯಾದ ನೈತಿಕ ಸಮಿತಿಯ ನಡಾವಳಿಯಲ್ಲಿ. ನೀವು ಕಂಡದ್ದನ್ನು, ಒಪ್ಪದಿದ್ದರೆ ಏಕೆಂಬುದನ್ನು ನಡಾವಳಿಯಲ್ಲಿ ದಾಖಲಿಸಿ ಎಂದು ಸಭೆಯಲ್ಲೇ ಕೇಳಿ; ಓದದೆ ಸಹಿ ಹಾಕಬೇಡಿ. ಗಂಭೀರವಾದದ್ದು ಕಂಡರೆ ಕೇಂದ್ರ ಸಮಿತಿಯ ಮುಖ್ಯ ನಾಮನಿರ್ದೇಶಿತರ ಮೂಲಕ ಅಥವಾ ನೇರವಾಗಿ ಬರೆಯಬಹುದು. ಹಿಂದೆ ಪರಿಸರ ಸಚಿವಾಲಯದ ಕೆಳಗಿದ್ದ ಆ ಸಮಿತಿ ಈಗ ಮೀನುಗಾರಿಕೆ, ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಚಿವಾಲಯದ ಕೆಳಗಿದೆ.

20ನೇ ಕಲಮಿನ ದಂಡ ಇನ್ನೂರು ರೂಪಾಯಿವರೆಗೆ ಮಾತ್ರ, 1960ರಲ್ಲಿ ಬರೆದದ್ದು. ಇದು ನಾಚಿಕೆಗೇಡು ಎಂದು ನಾನು ಬಲವಾಗಿ ನಂಬಿದ್ದೇನೆ. ಆದರೆ 19ನೇ ಕಲಮಿನಡಿ ಪ್ರಯೋಗವನ್ನೇ ನಿಲ್ಲಿಸುವ ಆದೇಶ ಬರಬಹುದು, ಸಂಸ್ಥೆಗಳು ಹೆದರುವುದು ಅದಕ್ಕೆ.

ಉತ್ತರ: ಉಪ್ಪಳದಿಂದ ಪ್ರಾಣಿಗೃಹ ಸಹಾಯಕ

ಟೀಚರ್, ನಾನು ದಿನವೂ ರೈಲಿನಲ್ಲಿ ಮಂಗಳೂರಿಗೆ ಹೋಗಿ ಒಂದು ಪ್ರಾಣಿಗೃಹದಲ್ಲಿ ಕೆಲಸ ಮಾಡುವವನು. ಮೇಲಿನ ಡಾಕ್ಟರು ಹೇಳಿದ ಎಲ್ಲವೂ ಸರಿ. ಅದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಪ್ರಾಣಿಗಳಿಗೆ ನೀರು, ತಿಂಡಿ ಕೊಟ್ಟು ಹೊಟ್ಟು ಬದಲಿಸುವವರ ಜೊತೆ ಮಾತನಾಡದೆ ತಪಾಸಣೆ ಮುಗಿಸಬೇಡಿ. ಅವರಲ್ಲಿ ಹೆಚ್ಚಿನವರು ತುಳುವಿನಲ್ಲೋ ಮಲಯಾಳದಲ್ಲೋ ಮಾತನಾಡುವವರು. ಸಭೆಯ ಇಂಗ್ಲಿಷಿನಲ್ಲಿ ಅವರ ಬಾಯಿ ತೆರೆಯುವುದಿಲ್ಲ, ಅಧಿಕಾರಿಗಳ ಎದುರಿನಲ್ಲಂತೂ ಇಲ್ಲವೇ ಇಲ್ಲ. ನಮ್ಮ ಕಡೆಯವರಾದ ನಿಮಗೆ ಈ ಭಾಷೆಗಳೆಲ್ಲ ಬರುವುದು ದೊಡ್ಡ ಅನುಕೂಲ. ಪ್ರತ್ಯೇಕವಾಗಿ, ತೊಳೆಯುವ ಕೋಣೆಯಲ್ಲಿ ನಿಂತು ಮಾತನಾಡಿಸಿ, ಅವರ ಹೆಸರನ್ನು ವರದಿಯಲ್ಲಿ ಬರೆಯಬೇಡಿ.

ಭಾನುವಾರ ಯಾರು ಬರುತ್ತಾರೆ ಎಂದು ಕೇಳಿ. ಓಣಂ, ದೀಪಾವಳಿ, ಈದ್ ರಜೆಗಳಲ್ಲಿ ಒಬ್ಬನೇ ಎಷ್ಟು ಕೋಣೆ ನೋಡುತ್ತಾನೆ ಎಂದು ಕೇಳಿ. ನೀರಿನ ಬಾಟಲಿಯ ನಳಿಗೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಬಾಟಲಿ ತುಂಬಿದ್ದರೂ ಇಲಿಗೆ ಹನಿ ನೀರೂ ಸಿಗುವುದಿಲ್ಲ, ರಜೆಯ ದಿನ ಅದನ್ನು ಗಮನಿಸುವವರಿಲ್ಲದಿದ್ದರೆ ಮರುದಿನದ ಹೊತ್ತಿಗೆ ಪ್ರಾಣಿ ಸೊರಗಿರುತ್ತದೆ. ರಾತ್ರಿ ಕರೆಂಟು ಹೋದರೆ ಜನರೇಟರು ತಾನಾಗಿಯೇ ಶುರುವಾಗುತ್ತದೆಯೇ, ಅಥವಾ ಕಾವಲುಗಾರ ಬಂದು ಹಾಕಬೇಕೇ? ಹಾಗೆ ಹೋದ ಕೊನೆಯ ರಾತ್ರಿ ಯಾರಿಗೆ ಫೋನ್ ಮಾಡಿದಿರಿ ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಅಲ್ಲಿ ವ್ಯವಸ್ಥೆ ಇದೆಯೆಂದು ನಂಬಬಹುದು. ಕೆಲಸಗಾರರಿಗೆ ಮುಖಗವಸು, ಕೈಗವಸು, ಆರೋಗ್ಯ ತಪಾಸಣೆ ಸಿಗುತ್ತದೆಯೇ ಎಂಬುದನ್ನೂ ವಿಚಾರಿಸಿ. ಇಲಿಗಳ ಮೂತ್ರ ಮತ್ತು ಹೊಟ್ಟಿನ ಧೂಳಿನಿಂದ ಉಬ್ಬಸ ಹತ್ತಿಸಿಕೊಂಡವರು ನಮ್ಮಲ್ಲಿದ್ದಾರೆ.

ಪ್ರತಿಕ್ರಿಯೆ: ಬದಿಯಡ್ಕದ ಟೀಚರ್

ಮೂವರಿಗೂ ತುಂಬ ಉಪಕಾರವಾಯಿತು. ಇನ್ನೆರಡು ಸಂದೇಹಗಳಿವೆ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಗೋಡೆಗಳೇ ಬೆವರುತ್ತವೆ. ಆಗ ಶೇಕಡಾ 70ರ ಒಳಗೆ ತೇವಾಂಶ ಉಳಿಸಿಕೊಳ್ಳುವುದು ಸಾಧ್ಯವೇ, ಮೀರಿದ್ದರೆ ಅದನ್ನು ತಪ್ಪೆಂದು ಬರೆಯಬೇಕೇ? ಎರಡನೆಯದಾಗಿ, ನರಳುವ ಪ್ರಾಣಿಯೊಂದು ಅಲ್ಲಿಯೇ ಕಣ್ಣಿಗೆ ಬಿದ್ದರೆ ನಾನೇನು ಮಾಡಬೇಕು?

ಉತ್ತರ: ಜತ್ತದಿಂದ ಸಂಶೋಧನಾ ವಿದ್ಯಾರ್ಥಿನಿ

ಮೊದಲ ಸಂದೇಹಕ್ಕೆ ನನ್ನ ಅನುಭವದಿಂದ ಹೇಳಬಲ್ಲೆ, ಏಕೆಂದರೆ ನಮ್ಮ ಕಡೆ ಸಮಸ್ಯೆ ತದ್ವಿರುದ್ಧ. ಇಲ್ಲಿನ ಒಣ ಹವೆಯಲ್ಲಿ ತೇವಾಂಶ ತೀರ ಇಳಿದಾಗ ರ‍್ಯಾಟ್ ಮರಿಗಳ ಬಾಲದ ಮೇಲೆ ಉಂಗುರದಂತೆ ಚರ್ಮ ಬಿಗಿದು, ಕೆಲವೊಮ್ಮೆ ಬಾಲದ ತುದಿಯೇ ಉದುರುತ್ತದೆ. ನಿಮ್ಮ ಕರಾವಳಿಯಲ್ಲಿ ಹೆಚ್ಚಿನ ತೇವದಿಂದ ಆಹಾರದ ಗುಳಿಗೆಗಳಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷ ಪ್ರಾಣಿಯ ಯಕೃತ್ತನ್ನು ಕೆಡಿಸುವುದರಿಂದ, ಔಷಧದ ಪರಿಣಾಮ ಯಾವುದು, ಬೂಷ್ಟಿನ ಪರಿಣಾಮ ಯಾವುದು ಎಂದು ಬೇರ್ಪಡಿಸಲಾಗದೆ ಇಡೀ ಪ್ರಯೋಗ ವ್ಯರ್ಥವಾಗುತ್ತದೆ, ಅಷ್ಟು ಪ್ರಾಣಿಗಳು ಸುಮ್ಮನೆ ಸತ್ತಂತಾಗುತ್ತದೆ. ಆದ್ದರಿಂದ ಆಹಾರದ ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿವೆಯೇ, ತೇವ ತೆಗೆಯುವ ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಮಳೆಗಾಲದಲ್ಲಿ 76 ಎಂದು ಪ್ರಾಮಾಣಿಕವಾಗಿ ಬರೆದು, ಆ ದಿನ ಏನು ಕ್ರಮ ಕೈಗೊಂಡೆವು ಎಂದೂ ನಮೂದಿಸಿದ ಪುಸ್ತಕವನ್ನು ನಾನಾದರೆ ಮೆಚ್ಚಿ, ಯಂತ್ರದ ಕೊರತೆಯನ್ನು ಮಾತ್ರ ಸರಿಪಡಿಸಲು ಗಡುವು ಕೊಟ್ಟು ಬರೆಯುತ್ತೇನೆ.

ಉತ್ತರ: ಹೊಸೂರಿನ ಪಶುವೈದ್ಯ

ಎರಡನೆಯ ಸಂದೇಹಕ್ಕೆ: ಅಲ್ಲಿಯೇ ನಿಲ್ಲಿ, ಮುಂದಿನ ಕೋಣೆಗೆ ಹೋಗಬೇಡಿ. ಸಂಸ್ಥೆಯ ಪಶುವೈದ್ಯರನ್ನು ಕರೆಸಿ. ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಯಾವ ಹಂತಕ್ಕೆ ಪ್ರಾಣಿಯನ್ನು ಪ್ರಯೋಗದಿಂದ ಬಿಡಿಸಬೇಕು ಎಂದು ಬರೆದಿರಬೇಕು. ತೂಕ ಶೇಕಡಾ 20ರಷ್ಟು ಇಳಿಯುವುದು ಸಾಮಾನ್ಯವಾಗಿ ಬಳಸುವ ಒಂದು ಗಡಿ. ತೂಕದ ಪುಸ್ತಕ ತರಿಸಿ, ನಿಮ್ಮೆದುರಿನಲ್ಲೇ ತೂಗಿಸಿ. ಗಡಿ ದಾಟಿದ್ದರೆ ಸಂಶೋಧಕರ ಫಲಿತಾಂಶಕ್ಕಾಗಿ ಕಾಯುವ ಪ್ರಶ್ನೆಯೇ ಇಲ್ಲ: ನೋವು ಶಮನವಾಗುವ ಚಿಕಿತ್ಸೆಯೋ ದಯಾಮರಣವೋ ಎಂದು ಪಶುವೈದ್ಯರು ಆಗಲೇ ತೀರ್ಮಾನಿಸಬೇಕು.

ದಯಾಮರಣಕ್ಕೆ ಇಂಗಾಲದ ಡೈಆಕ್ಸೈಡ್ ಬಳಸುವುದಾದರೆ ಸಿಲಿಂಡರಿಗೆ ಹರಿವಿನ ಮಾಪಕ ಇದೆಯೇ ಎಂದು ನೋಡಿ. ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇಕಡಾ 30ರಿಂದ 70ರಷ್ಟು ಅನಿಲ ತುಂಬುವಂತೆ ನಿಧಾನಕ್ಕೆ ಬಿಡಬೇಕೆಂದು ಅಮೆರಿಕದ ಪಶುವೈದ್ಯ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಮಾಪಕವಿಲ್ಲದೆ ಇದನ್ನು ಪಾಲಿಸಲು ಬಾರದು. ಆಗತಾನೇ ಹುಟ್ಟಿದ ಮರಿಗಳು ಆಮ್ಲಜನಕದ ಕೊರತೆಯನ್ನು ಬಹಳ ಹೊತ್ತು ತಾಳಿಕೊಳ್ಳುವುದರಿಂದ ಅವುಗಳಿಗೆ ಈ ಅನಿಲವೊಂದೇ ಸಾಲದು, ಸಾವನ್ನು ಬೇರೆ ವಿಧಾನದಿಂದ ಖಚಿತಪಡಿಸಲೇಬೇಕು. ತೀರ್ಮಾನ ಏನಾಯಿತು, ಯಾರು ಮಾಡಿದರು, ಯಾವ ಹೊತ್ತಿಗೆ ಎಂಬುದು ಅಂದಿನ ವರದಿಯಲ್ಲೇ ಬರಲಿ. ಆ ಸಾಲು ಸೇರುವವರೆಗೆ ಸಹಿ ಹಾಕಬೇಡಿ, ಮೇಡಂ.