ಸಾಗರದ ಆಳ 11 ಕಿಲೋಮೀಟರ್ ಎಂದರೆ ಸಾಕೇ? ಸಹಪಾಠಿಗಳ ಗುಂಪಿನಲ್ಲೊಂದು ತಕರಾರು

ನಾಗರಾಜ (ಫಾರ್ವರ್ಡ್): ಜಗತ್ತಿನ ಸಾಗರಗಳ ಆಳ 11 ಕಿಲೋಮೀಟರ್. ಎವರೆಸ್ಟ್ ಶಿಖರ ಅದರಲ್ಲಿ ಪೂರ್ತಿ ಮುಳುಗುತ್ತದೆ. ಆ ತಳವನ್ನು ಇದುವರೆಗೆ ಯಾರೂ ಮುಟ್ಟಿಲ್ಲ.

ಸುಮಿತ್ರಾ: ನಾಗರಾಜ, ಇದರಲ್ಲಿ ಎವರೆಸ್ಟಿನ ಮಾತೊಂದೇ ನಿಲ್ಲುವಂಥದ್ದು. 11 ಕಿಲೋಮೀಟರ್ ಎನ್ನುವುದು ಪಶ್ಚಿಮ ಪೆಸಿಫಿಕ್‌ನ ಮರಿಯಾನಾ ಕಂದಕದಲ್ಲಿರುವ ಚಾಲೆಂಜರ್ ಡೀಪ್ ಎಂಬ ಒಂದೇ ತಗ್ಗಿನ ಅಳತೆ. ಸಾಗರಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದರೆ ಸಿಗುವುದು ಸುಮಾರು 3,700 ಮೀಟರ್ ಮಾತ್ರ. ಅಜೋವ್ ಸಮುದ್ರವಂತೂ ಎಲ್ಲಿಯೂ 15 ಮೀಟರ್ ದಾಟುವುದಿಲ್ಲ. ಯಾರೂ ತಳ ಮುಟ್ಟಿಲ್ಲ ಎಂಬುದು ಶುದ್ಧ ಸುಳ್ಳು: 1960ರ ಜನವರಿ 23ರಂದೇ ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಟ್ರಿಯೆಸ್ಟ್ ಎಂಬ ನೌಕೆಯಲ್ಲಿ ಅಲ್ಲಿಗಿಳಿದು ಸುಮಾರು 20 ನಿಮಿಷ ಇದ್ದು ಬಂದರು.

ನಾಗರಾಜ: ಮುಟ್ಟಿದ ವಿಷಯ ಬಿಡು, ಆ ಸಾಲನ್ನು ತೆಗೆಯುತ್ತೇನೆ. ಆದರೆ ಪರ್ವತಗಳ ಮಾತು ಬಂದಾಗ ನಾವು ಸರಾಸರಿ ಎತ್ತರ ಹೇಳುತ್ತೇವೆಯೇ? ಅದೂ ಅಲ್ಲದೆ, ಅದೇ ತಗ್ಗಿಗೆ ಒಬ್ಬರು 10,935 ಎನ್ನುತ್ತಾರೆ, ಮತ್ತೊಬ್ಬರು 10,994 ಎನ್ನುತ್ತಾರೆ. ಅಳೆದವರಿಗೇ ಒಮ್ಮತವಿಲ್ಲದಿರುವಾಗ 11 ಎಂದರೆ ಏನು ಕೊರತೆ?

ವಸುಧಾ: ಆ ತಗ್ಗಿಗೆ 11 ಎನ್ನುವುದರಲ್ಲಿ ನನಗೂ ತಕರಾರಿಲ್ಲ. 1875ರಲ್ಲಿ ಚಾಲೆಂಜರ್ ಹಡಗಿನವರು ಭಾರ ಕಟ್ಟಿದ ಹಗ್ಗ ಇಳಿಬಿಟ್ಟು ಆ ಕಂದಕದಲ್ಲಿ ಸುಮಾರು 8,184 ಮೀಟರ್ ಅಳೆದಿದ್ದರು. ಟ್ರಿಯೆಸ್ಟ್‌ನ ಮಾಪಕ ಮೊದಲು 11,521 ತೋರಿಸಿ, ಆಮೇಲಿನ ಲೆಕ್ಕದಲ್ಲಿ 10,916ಕ್ಕೆ ಇಳಿಯಿತು. ಇಂದು ಹಡಗಿನಿಂದ ಬಿಟ್ಟ ಶಬ್ದ ಅಷ್ಟು ಆಳದ ತಳಕ್ಕೆ ಬಡಿದು ಮರಳಲು ಸುಮಾರು 14 ಸೆಕೆಂಡು ಬೇಕು. ನೀರಿನ ಉಷ್ಣತೆ, ಉಪ್ಪಿನಂಶ ಮತ್ತು ಒತ್ತಡ ಬದಲಾದಂತೆ ಶಬ್ದದ ವೇಗವೂ ಬದಲಾಗುವುದರಿಂದ, ದಾರಿಯುದ್ದಕ್ಕೂ ಆ ವೇಗವನ್ನು ಎಷ್ಟೆಂದು ಹಿಡಿದರು ಎಂಬುದರ ಮೇಲೆಯೇ ಹತ್ತಾರು ಮೀಟರ್ ಆಚೀಚೆಯಾಗುತ್ತದೆ. ನನ್ನ ಆಕ್ಷೇಪ ‘ಸಾಗರಗಳ ಆಳ’ ಎಂಬ ಮಾತಿಗೆ. ‘ಅತ್ಯಂತ ಆಳವಾದ ಜಾಗ’ ಎಂದು ಬರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ರಾಘವೇಂದ್ರ: ಸಾಗರತಳದ ಸುಮಾರು ಕಾಲು ಭಾಗವನ್ನಷ್ಟೇ ಹೀಗೆ ಶಬ್ದದಿಂದ ಅಳೆದಿದ್ದಾರಂತಲ್ಲ, ಹಾಗಿದ್ದರೆ ಸುಮಿತ್ರಾ ಹೇಳಿದ ಸರಾಸರಿಯನ್ನು ನಂಬುವುದು ಹೇಗೆ?

ವಸುಧಾ: ಉಳಿದ ಭಾಗವನ್ನು ಉಪಗ್ರಹಗಳ ನೆರವಿನಿಂದ ಅಂದಾಜು ಮಾಡುತ್ತಾರೆ. ಮುಳುಗಿರುವ ದೊಡ್ಡ ಬೆಟ್ಟದ ಗುರುತ್ವ ಸುತ್ತಲಿನ ನೀರನ್ನು ತನ್ನತ್ತ ಸೆಳೆಯುವುದರಿಂದ ಅದರ ಮೇಲಿನ ಸಮುದ್ರಮಟ್ಟ ತುಸು ಉಬ್ಬಿರುತ್ತದೆ. ರಾಡಾರ್‌ನಿಂದ ಆ ಉಬ್ಬನ್ನು ಅಳೆದು ತಳದ ಆಕಾರವನ್ನು ಊಹಿಸುತ್ತಾರೆ. ಸಣ್ಣ ವಿವರಗಳು ತಪ್ಪಿದರೂ ಸರಾಸರಿಗೆ ಇದು ಧಾರಾಳವಾಗಿ ಸಾಕು.

ನಾಗರಾಜ: ಅಂದಮೇಲೆ ಇನ್ನೂ ಆಳವಾದ ಜಾಗ ಎಲ್ಲೋ ಅಡಗಿರಬಹುದು ಎಂದು ಬರೆಯಲೇ?

ವಸುಧಾ: ಬೇಡ. ಕಂದಕಗಳು ಉಪಗ್ರಹಕ್ಕೆ ತಪ್ಪುವಷ್ಟು ಕಿರಿದಲ್ಲ, ಮೇಲಾಗಿ ಅತಿ ಆಳದ ಕಂದಕಗಳ ಮೇಲೆ ಹಡಗುಗಳು ಹಲವು ಸಲ ಓಡಾಡಿವೆ. ಇನ್ನೂ ಕಣ್ಣಿಗೆ ಬೀಳದೆ ಉಳಿದಿರುವುದು ತಗ್ಗುಗಳಿಗಿಂತ ಹೆಚ್ಚಾಗಿ ಬೆಟ್ಟಗಳೇ.