ಹಲ್ಲಿನ ‘ಕ್ಯಾಪ್’ಗೆ ನಿಮ್ಮ ಕಡೆ ಏನಂತಾರೆ? ‘ಅಣಸು’ ಆಗಬಹುದಾ?

ಎಲ್ಲರಿಗೂ ನಮಸ್ಕಾರ. ಹಲ್ಲಿನ ಡಾಕ್ಟರು ಹಲ್ಲಿನ ಮೇಲೆ ಕೂರಿಸುವ ಕ್ಯಾಪ್, ಅಂದರೆ ಕ್ರೌನ್‌ಗೆ ಕನ್ನಡದಲ್ಲಿ ಏನನ್ನಬೇಕು? ದಯವಿಟ್ಟು ‘ಕಿರೀಟ’ ಬೇಡ. ಆ ಪದದಿಂದ ನಮ್ಮ ಮನೆಯಲ್ಲಿ ಒಂದು ಹಲ್ಲೇ ಹೋಗಿದೆ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಆಯಿ (ನಮ್ಮಮ್ಮ) ಶಿರಸಿ ಕಡೆಯವಳು, ವಯಸ್ಸು 68, ಮರಾಠಿ ಅರ್ಧಂಬರ್ಧ ತಿಳಿಯುತ್ತೆ. ಹೋದ ವರ್ಷ ದವಡೆ ಹಲ್ಲಿಗೆ ರೂಟ್ ಕೆನಾಲ್ (ಹಲ್ಲಿನೊಳಗಿನ ಕೆಟ್ಟ ನರ ತೆಗೆದು ತುಂಬುವ ಚಿಕಿತ್ಸೆ) ಆಯಿತು. ಡಾಕ್ಟರು ‘ದಾಢೇಲಾ ಕ್ಯಾಪ್ ಬಸವೂನ್ ಘ್ಯಾ’ (ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಿ) ಅಂದರು, ಚೀಟಿಯಲ್ಲಿ ಕ್ರೌನ್ ಅಂತ ಬರೆದರು. ನಾನು ಚೀಟಿ ನೋಡಿ ಆಯಿಗೆ ‘ಹಲ್ಲಿಗೆ ಕಿರೀಟ ಹಾಕಿಸಬೇಕಂತೆ’ ಅಂದೆ. ಕಿರೀಟ ಅಂದ ಮೇಲೆ ಅದು ಚಂದಕ್ಕೇ ಅಲ್ವಾ? ‘ಒಳಗಿನ ಹಲ್ಲು ಯಾರಿಗೆ ಕಾಣ್ತು, ಸುಮ್ನೆ ದುಡ್ಡು ದಂಡ’ ಅಂತ ಅವಳು ಮುಂದೂಡುತ್ತಲೇ ಹೋದಳು. ನಾಲ್ಕು ತಿಂಗಳು ಕಳೆದ ಮೇಲೆ ಒಂದು ಸಂಜೆ ಚಕ್ಕುಲಿ ಕಡಿಯುವಾಗ ಟಕ್ ಅಂತ ಸದ್ದಾಯಿತು. ಹಲ್ಲು ಉದ್ದಕ್ಕೆ ಸೀಳಿತ್ತು, ಸೀಳು ಒಸಡಿನ ಒಳಗೆ ಬೇರಿನ ತನಕ ಇಳಿದಿತ್ತು. ಕೀಳಿಸದೆ ಬೇರೆ ದಾರಿ ಇರಲಿಲ್ಲ.

ರೂಟ್ ಕೆನಾಲ್ ಆದ ದವಡೆ ಹಲ್ಲಿನಲ್ಲಿ ಹುಳುಕು ತೆಗೆದದ್ದೂ, ಮೇಲಿಂದ ಕೊರೆದದ್ದೂ ಸೇರಿ, ಎಷ್ಟೋ ಸಲ ಸುತ್ತಲಿನ ಗೋಡೆ ಮಾತ್ರ ಉಳಿದಿರುತ್ತೆ. ಅಗಿಯುವ ಒತ್ತಡಕ್ಕೆ ಆ ಗೋಡೆ ಸೀಳಬಹುದು. ಹಾಗೆ ಸೀಳದಂತೆ ಸುತ್ತಲೂ ಬಿಗಿಯಾಗಿ ಹಿಡಿಯುವುದೇ ಕ್ರೌನಿನ ಕೆಲಸ, ಲೋಹದ್ದಾಗಲಿ, ಪಿಂಗಾಣಿಯದ್ದಾಗಲಿ, ಜಿರ್ಕೋನಿಯಾದ್ದಾಗಲಿ. ಈ ಕೆಲಸ ಕಿರೀಟ ಅನ್ನುವ ಪದದಲ್ಲಿ ಎಲ್ಲೂ ಇಲ್ಲ. ಅದೂ ಅಲ್ಲದೆ, ಹುಟ್ಟು ಹಲ್ಲಿನಲ್ಲಿ ಒಸಡಿನ ಮೇಲೆ ಕಾಣುವ ಭಾಗಕ್ಕೂ ಇಂಗ್ಲಿಷಿನಲ್ಲಿ ಕ್ರೌನ್ ಎಂದೇ ಹೆಸರು, ಆ ಗೊಂದಲವನ್ನೂ ನಾವು ಯಾಕೆ ಹೊತ್ತು ತರಬೇಕು?

ಟೋಪಿ ಅನ್ನೋಣ ಅಂದರೆ, ‘ಟೋಪಿ ಹಾಕಿದರು’ ಅಂದ ಕೂಡಲೇ ಮೋಸ ಮಾಡಿದರು ಅಂತ ಅರ್ಥ. ಮರಾಠಿಯಲ್ಲೂ ಹಾಗೇ. ಕೂಸು ಹುಟ್ಟುವ ಮುಂಚೆ ಹೊಲಿಸುವ ಕುಲಾವಿ ನೆನಪಾಯಿತು. ತಲೆಗೆ ಸರಿಯಾಗಿ ಕೂರುವುದೇನೋ ನಿಜ, ಆದರೆ ಅದು ಬಟ್ಟೆ, ಬಿಗಿ ಇಲ್ಲ.

ಆಮೇಲೆ ಹೊಳೆದದ್ದು ಅಣಸು. ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆ. ಅಜ್ಜನಮನೆಯ ಅಡುಗೆಮನೆ ಮೂಲೆಯಲ್ಲಿ ಒಂದು ಒನಕೆ ಇತ್ತು. ಬಳೆಯ ಅಂಚು ಕುಟ್ಟಿ ಕುಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅದರೊಳಗಿನ ಮರ ಒಂದು ಬೆರಳು ಸವೆದು ಗುಳಿ ಬಿದ್ದಿತ್ತು, ಆದರೂ ಎಳೆ ಬಿಟ್ಟಿರಲಿಲ್ಲ. ಹಲ್ಲಿಗೂ ಬೇಕಾದದ್ದು ಇದೇ ಅಲ್ವಾ? ದಂತವೈದ್ಯರ ಇಂಗ್ಲಿಷಿನಲ್ಲೂ ಫೆರೂಲ್ ಅನ್ನುವ ಮಾತಿದೆ. ಕ್ರೌನಿನ ಅಂಚು ಗಟ್ಟಿ ಹಲ್ಲನ್ನು ಸುತ್ತಲೂ ಸುಮಾರು 2 ಮಿಲಿಮೀಟರ್ ಆದರೂ ಅಪ್ಪಿ ಹಿಡಿದಿರಬೇಕು ಅನ್ನುತ್ತಾರೆ. ಫೆರೂಲ್ ಅಂದರೆ ಕೋಲಿನ ತುದಿಯ ಲೋಹದ ಬಳೆ. ನಮ್ಮ ಅಣಸೇ ಅದು! ಅಣಸು ಬರೀ ಬಳೆ, ಕ್ರೌನಿನ ಹಾಗೆ ತಲೆ ಮುಚ್ಚುವುದಿಲ್ಲ ಅಂತ ಯಾರಾದರೂ ಆಕ್ಷೇಪಿಸಬಹುದು, ಒಪ್ಪುತ್ತೇನೆ. ಆದರೆ ಮುಚ್ಚುವುದಕ್ಕಿಂತ ಹಿಡಿಯುವುದು ದೊಡ್ಡದು ಅಂತ ನನಗನಿಸುತ್ತೆ.

ಇನ್ನು ಅಲ್ಲಾಡುವ ಹಲ್ಲು. ಆಯಿ ‘ಹಂದಾಡ್ತು’ ಅನ್ನುತ್ತಾಳೆ. ಕೆಳಗಿನ ಮುಂದಿನ ಹಲ್ಲು ಹಂದಾಡುತ್ತಿದೆ, ಅದಕ್ಕೂ ಕ್ಯಾಪ್ ಹಾಕಿಸಿದರೆ ನಿಲ್ಲುತ್ತೆ ಅಂತ ಅವಳು ತಿಳಿದಿದ್ದಳು. ನಿಲ್ಲುವುದಿಲ್ಲ. ಅವಳ ಹಲ್ಲಿಗೆ ಆಗಿರುವುದು ಒಸಡಿನ ರೋಗ, ಸುತ್ತಲಿನ ಎಲುಬು ಕರಗಿದೆ. ಮೊದಲು ಹಲ್ಲಿನ ಬುಡದ ಕಿಟ್ಟ ತೆಗೆಸಬೇಕು, ಬೇಕಾದರೆ ಹಿಂಬದಿಯಿಂದ ತಂತಿ ಇಟ್ಟು ಪಕ್ಕದ ಹಲ್ಲುಗಳ ಜೊತೆ ಸೇರಿಸಿ ಕಟ್ಟುತ್ತಾರೆ. ಇದಕ್ಕೆ ‘ಜೊತೆಗಟ್ಟು’ ಅನ್ನೋಣವೇ? ಬರೀ ‘ಕಟ್ಟು’ ಅಂದರೆ ಕಷ್ಟ, ‘ಹಲ್ಲು ಕಟ್ಟಿಸಿಕೊಂಡರು’ ಅಂದರೆ ಸೆಟ್ ಹಾಕಿಸಿಕೊಂಡರು ಅಂತ ಆಗುತ್ತೆ. ಆ ಸೆಟ್‌ಗೆ ಮರಾಠಿಯಲ್ಲಿ ಕವಳಿ. ಡಾಕ್ಟರು ‘ಪುಢೇ ಕವಳಿ ಬಸವಾವಿ ಲಾಗೇಲ್’ (ಮುಂದೆ ಸೆಟ್ ಹಾಕಿಸಬೇಕಾಗುತ್ತೆ) ಅಂದಾಗ ಆಯಿ ಗಾಬರಿಯಾಗಿ ‘ಕವಳ ಬಿಡಕಾ?’ ಅಂದಳು. ನಮ್ಮ ಕಡೆ ಕವಳ ಅಂದರೆ ಎಲೆ ಅಡಿಕೆ. ಅದನ್ನು ಬಿಟ್ಟರೆ ಒಳ್ಳೆಯದೇ, ಆದರೆ ಅವರು ಹೇಳಿದ್ದು ಅದಲ್ಲ.

ಇಂಪ್ಲಾಂಟ್‌ಗೆ ‘ದಂತ ಕಸಿ’ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಕಿಡ್ನಿ ಕಸಿಯ ಹಾಗೆ ಬೇರೆಯವರ ಹಲ್ಲು ತಂದಿಟ್ಟರು ಅಂತ ಕೇಳುತ್ತೆ. ‘ನೆಟ್ಟ ಹಲ್ಲು’ ಚೆನ್ನಾಗಿದೆ. ಟೈಟಾನಿಯಂ ಸ್ಕ್ರೂ ದವಡೆ ಎಲುಬಿನಲ್ಲಿ ನೆಟ್ಟು, ಎಲುಬು ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬಿಡುತ್ತಾರೆ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ನೆಟ್ಟದ್ದೂ ಟೈಟಾನಿಯಮ್ಮೇ. ಹೋದ ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಬ್ರಿಜ್ ಮಾತ್ರ ಬ್ರಿಜ್ ಆಗಿಯೇ ಇರಲಿ.

ಆಯಿಗೆ ಮುಂದಿನ ವಾರ ಇನ್ನೊಂದು ರೂಟ್ ಕೆನಾಲ್ ಇದೆ. ಈ ಸಲ ‘ಒನಕೆಗೆ ಅಣಸು ಹಾಕಿದ ಹಾಗೆ’ ಅಂತ ಹೇಳಿದೆ. ‘ಹಂಗಾರೆ ತಡ ಮಾಡದು ಬೇಡ’ ಅಂದಳು.

ಒನಕೆಯ ಆ ಬಳೆಗೆ ನಿಮ್ಮ ಊರಿನಲ್ಲಿ ಏನಂತಾರೆ? ಅಣಸು ಅನ್ನುವ ಮಾತು ಮನೆಗಳಲ್ಲಿ ಇನ್ನೂ ಬಳಕೆಯಲ್ಲಿದೆಯಾ? ಊರಿನ ಹೆಸರು ಸೇರಿಸಿ ಬರೆಯಿರಿ.