ಪದಚರ್ಚೆ: ದತ್ತಸಂಚಯದ ‘ಬ್ಲೋಟ್’ – ಊತವೋ, ಉಬ್ಬರವೋ, ಜೊಳ್ಳೋ?

ಮಾನ್ಯರೇ,

ಹಾಲು ಒಕ್ಕೂಟವೊಂದರ ಲೆಕ್ಕದ ತಂತ್ರಾಂಶವನ್ನು ನೋಡಿಕೊಳ್ಳುವ ಸಿಬ್ಬಂದಿಗಾಗಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ‘ಬ್ಲೋಟ್’ ಎಂಬ ಇಂಗ್ಲಿಷ್ ಪದಕ್ಕೆ ಮಾತ್ರ ಕನ್ನಡ ಪದ ಕೈಗೆ ಸಿಗುತ್ತಿಲ್ಲ. ದಿನಕ್ಕೆರಡು ಹೊತ್ತು ಹಾಲು ಹಾಕುವವರು ಒಂದು ಲಕ್ಷ ಮಂದಿ ಎಂದಿಟ್ಟುಕೊಂಡರೂ ವರ್ಷಕ್ಕೆ 7.3 ಕೋಟಿ ಸಾಲುಗಳು ಒಂದೇ ಕೋಷ್ಟಕಕ್ಕೆ ಸೇರುತ್ತವೆ, ಮತ್ತು ಬಟವಾಡೆಯಾದ ಮೇಲೆ ಅವುಗಳಲ್ಲಿ ಪ್ರತಿಯೊಂದಕ್ಕೂ ‘ಪಾವತಿಯಾಗಿದೆ’ ಎಂಬ ಗುರುತು ಬೀಳುತ್ತದೆ. ಈ ಲೆಕ್ಕವನ್ನು ಇಟ್ಟಿರುವ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ (ಡೇಟಾಬೇಸ್) ತಂತ್ರಾಂಶದಲ್ಲಿ ಸಾಲೊಂದನ್ನು ತಿದ್ದಿದರೆ ಹಳೆಯದು ಕೂಡಲೇ ಅಳಿಯುವುದಿಲ್ಲ. ತಿದ್ದಿದ ಪ್ರತಿ ಬೇರೆಯಾಗಿ ಸೇರಿ, ಹಳೆಯದು ಯಾರಿಗೂ ಬೇಡವಾಗಿ ಅಲ್ಲೇ ಬಿದ್ದಿರುತ್ತದೆ. ಹೀಗೆ ಕಡತ ಬೆಳೆದು ಹುಡುಕಾಟ ನಿಧಾನವಾಗುವುದಕ್ಕೆ ಸದ್ಯಕ್ಕೆ ‘ಊತ’ ಎಂದು ಬರೆದಿದ್ದೇನೆ. ಒಪ್ಪಬಹುದೇ?

ಮೊದಲ ಉತ್ತರ:

ಒಪ್ಪಲಾಗದು. ಊತವೆಂದರೆ ಮೈಯ ಬಾವು. ಅದರೊಳಗೆ ನೀರೋ ಕೀವೋ ಇರುತ್ತದೆ. ತಾವು ಹೇಳುತ್ತಿರುವುದು ಒಳಗೇನೂ ಇಲ್ಲದೆ ಗಾತ್ರ ಮಾತ್ರ ಹೆಚ್ಚುವುದನ್ನು. ‘ಉಬ್ಬು’ ಎಂಬ ಧಾತು ಇರುವಾಗ, ಅದರಿಂದಲೇ ಹುಟ್ಟಿದ ‘ಉಬ್ಬರ’ ಹೊಟ್ಟೆಯುಬ್ಬರದಲ್ಲಿ ಪ್ರತಿ ಮನೆಯಲ್ಲೂ ಬಳಕೆಯಲ್ಲಿರುವಾಗ, ಬೇರೆ ಪದವನ್ನು ಹುಡುಕುವ ಅಗತ್ಯವೇನು? ‘ಉಬ್ಬಸ’ವನ್ನೂ ನಾನು ಇದೇ ಕುಟುಂಬಕ್ಕೆ ಸೇರಿಸುತ್ತೇನೆ, ಆ ಬಗ್ಗೆ ಇನ್ನೊಮ್ಮೆ ಬರೆಯುವೆ. ಅದಿರಲಿ, ‘ಕೋಷ್ಟಕ’, ‘ದತ್ತಸಂಚಯ’ ಎಂಬ ಸಂಸ್ಕೃತದ ಮೂಟೆಗಳನ್ನು ಹಾಲು ಅಳೆಯುವವರ ತಲೆಯ ಮೇಲೆ ಏಕೆ ಹೊರಿಸುತ್ತೀರಿ? ‘ಪಟ್ಟಿ’ ಸಾಲದೇ? ‘ಬಟವಾಡೆ’ಯೂ ನಮ್ಮದಲ್ಲ.

ಎರಡನೆಯ ಉತ್ತರ:

ಬಟವಾಡೆ, ಪಾವತಿ, ದಾಖಲೆ ಮೂರನ್ನೂ ಹೊರಗಿನವೆಂದು ತೆಗೆದುಹಾಕಿದರೆ ಆ ಒಕ್ಕೂಟ ಬಾಗಿಲು ಮುಚ್ಚಬೇಕಾದೀತು. ಮೊದಲೆರಡು ಮರಾಠಿಯಿಂದ, ಮೂರನೆಯದು ಪಾರಸಿಯ ದಾರಿಯಿಂದ ಬಂದವು. ಇಂದು ಅವುಗಳ ಊರನ್ನು ಯಾರೂ ಕೇಳುವುದಿಲ್ಲ.

‘ಉಬ್ಬರ’ದ ಬಗ್ಗೆ ನನ್ನದು ಬೇರೆ ತಕರಾರು. ನಾನು ಕರಾವಳಿಯವನು. ನಮ್ಮಲ್ಲಿ ಉಬ್ಬರವೆಂದ ಕೂಡಲೇ ಬೆನ್ನಿಗೇ ಇಳಿತವೂ ಬರುತ್ತದೆ, ಅದೂ ತಾನಾಗಿಯೇ. ಈ ಕಡತ ಹಾಗೆ ಇಳಿಯುವುದಿಲ್ಲ. ಪೋಸ್ಟ್‌ಗ್ರೆಸ್‌ನ ವ್ಯಾಕ್ಯೂಮ್ ಆದೇಶ ಬೇಡವಾದ ಸಾಲುಗಳ ಜಾಗವನ್ನು ಮರುಬಳಕೆಗೆ ಬಿಟ್ಟುಕೊಡುತ್ತದೆಯೇ ಹೊರತು, ಸಾಮಾನ್ಯವಾಗಿ ಕಡತದ ಗಾತ್ರವನ್ನು ತಗ್ಗಿಸುವುದಿಲ್ಲ. ಕಣದಲ್ಲಿ ನಿಂತವರಿಗೆ ಇದಕ್ಕೆ ಪದ ಗೊತ್ತೇ ಇದೆ: ಸತ್ತ ಸಾಲು ‘ಜೊಳ್ಳು’, ಅದನ್ನು ಬೇರ್ಪಡಿಸುವುದು ‘ತೂರುವುದು’. ಈ ಪದಗಳಿಟ್ಟರೆ ಮುಂದಿನ ವಿವರಣೆಯೂ ಸಲೀಸಾಗುತ್ತದೆ. ತಾನಾಗಿ ತೂರುವ ವ್ಯವಸ್ಥೆ ಮೂಲ ಹೊಂದಿಕೆಯಲ್ಲಿ ಕೋಷ್ಟಕದ 20 ಶೇಕಡಾ ಸಾಲುಗಳು, ಅದರ ಮೇಲೆ ಇನ್ನೂ 50 ಸಾಲುಗಳು, ಜೊಳ್ಳಾಗುವವರೆಗೆ ಕಾಯುತ್ತದೆ. ಸಾವಿರ ಸಾಲುಗಳ ಕೋಷ್ಟಕಕ್ಕೆ ಅದು ಸರಿಯೇ. ಆದರೆ 10 ಕೋಟಿ ಸಾಲುಗಳಲ್ಲಿ ಸುಮಾರು 2 ಕೋಟಿ ಜೊಳ್ಳು ಸೇರುವ ತನಕ ಮೊರವನ್ನೇ ಎತ್ತುವುದಿಲ್ಲ. ದೊಡ್ಡ ಕೋಷ್ಟಕಗಳಿಗೆ ಈ ಪ್ರಮಾಣವನ್ನು ಪ್ರತ್ಯೇಕವಾಗಿ 1 ಶೇಕಡಾಕ್ಕೋ 2ಕ್ಕೋ ಇಳಿಸಬೇಕೆಂದು ತಮ್ಮ ಕೈಪಿಡಿ ಹೇಳುತ್ತದೆ ಎಂದು ಭಾವಿಸುತ್ತೇನೆ.

ಮೂರನೆಯ ಉತ್ತರ:

ಆದೇಶದ ಹೆಸರನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಸಿಬ್ಬಂದಿ ಪರದೆಯ ಮೇಲೆ ಟೈಪು ಮಾಡಬೇಕಾದದ್ದು ವ್ಯಾಕ್ಯೂಮ್, ‘ತೂರು’ ಅಲ್ಲ. ಹಿಂದೊಮ್ಮೆ ಯಾರೋ ಅದನ್ನು ‘ನಿರ್ವಾತಗೊಳಿಸು’ ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ಪೊರಕೆ ಹಿಡಿಯಬೇಕಾದವರನ್ನು ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಕಳುಹಿಸಿದಂತಿತ್ತು. ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ‘ಇಂಡೆಕ್ಸ್’ಗೆ ‘ಸೂಚ್ಯಂಕ’ ಎಂದು ಬರೆದಿದ್ದರೆ ಅದನ್ನೂ ಈಗಲೇ ತಿದ್ದಿ. ಅದು ಷೇರುಪೇಟೆಯದು. ಪುಸ್ತಕದ ಹಿಂಭಾಗದಲ್ಲಿರುವಂಥದ್ದು ಪದಸೂಚಿ. ಇಲ್ಲಿ ‘ಸೂಚಿ’ ಸಾಕು.

ಮೊದಲ ಉತ್ತರದವರು ಮತ್ತೆ:

ಜೊಳ್ಳೆಂದರೆ ಹುಟ್ಟುವಾಗಲೇ ಕಾಳು ಕಟ್ಟದ್ದು. ಈ ಸಾಲುಗಳಾದರೋ ನಿನ್ನೆಯವರೆಗೆ ಗಟ್ಟಿ ಕಾಳುಗಳೇ ಆಗಿದ್ದವು. ಹೋಲಿಕೆ ನಿಲ್ಲದು.

ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಕಾಳಿನ ಆಕ್ಷೇಪ ನ್ಯಾಯವಾದದ್ದೇ. ಆದರೆ ಓದುವವರಿಗೆ ಬೇಕಾಗಿರುವುದು ಆ ಸಾಲಿನ ಪೂರ್ವಚರಿತ್ರೆಯಲ್ಲ, ಅದನ್ನು ಈಗ ಏನು ಮಾಡಬೇಕೆಂಬುದು. ಇಂಗ್ಲಿಷಿನವರು ಒಂದೇ ಪದದಲ್ಲಿ ಎರಡು ಸಂಗತಿಗಳನ್ನು ತುರುಕಿದ್ದರಿಂದಲೇ ನಾನು ತೊಡಕಿಗೆ ಸಿಕ್ಕಿದ್ದೆನೆಂದು ಈಗ ತಿಳಿಯಿತು. ಸತ್ತ ಸಾಲಿಗೆ ‘ಜೊಳ್ಳು’ ಎಂದೂ, ಅದು ಹೋದ ಮೇಲೂ ಕಡತ ಬಿಟ್ಟುಕೊಡದ ಖಾಲಿ ಜಾಗಕ್ಕೆ ‘ಉಬ್ಬರ’ ಎಂದೂ ಬೇರೆಬೇರೆಯಾಗಿ ಇಡುತ್ತೇನೆ. ತಿಂಗಳಿಗೊಂದರಂತೆ ಕೋಷ್ಟಕವನ್ನು ಒಡೆದಿಡುವುದಕ್ಕೆ ‘ಪಾಲು’ ಎಂದು ಮೊದಲೇ ಬರೆದಿದ್ದೆ. ಹಳೆಯ ತಿಂಗಳ ಪಾಲನ್ನು ಇಡಿಯಾಗಿ ತೆಗೆದರೆ ಜೊಳ್ಳೇ ಉಳಿಯದಾದ್ದರಿಂದ ಅದೂ ಹೊಂದುತ್ತದೆ. ಅಚ್ಚಿಗೆ ಹೋಗುವ ವಾಕ್ಯ ಹೀಗಿದೆ:

“ಜೊಳ್ಳು ತೂರಿದ ಮಾತ್ರಕ್ಕೆ ಚೀಲ ಚಿಕ್ಕದಾಗುವುದಿಲ್ಲ, ಖಾಲಿಯಾದ ಜಾಗ ಹೊಸ ಸಾಲುಗಳಿಗೆ ಸಿಗುತ್ತದೆ, ಅಷ್ಟೆ. ಉಬ್ಬರವನ್ನೇ ಇಳಿಸಲು ವ್ಯಾಕ್ಯೂಮ್ ಫುಲ್ ಕೊಟ್ಟರೆ ಇಡೀ ಕೋಷ್ಟಕ ಹೊಸದಾಗಿ ಬರೆಯಬೇಕಾಗಿ, ಅದು ಮುಗಿಯುವವರೆಗೆ ಯಾರೂ ಓದಲೂ ಆಗದಂತೆ ಬೀಗ ಬೀಳುತ್ತದೆ. ಆದ್ದರಿಂದ ಹಾಲು ಅಳೆಯುವ ಹೊತ್ತಿನಲ್ಲಿ ಈ ಆದೇಶವನ್ನು ಕೊಡಬಾರದು.”